ತಾಳುವ ಶಕ್ತಿ: ಬಡತನದ ಕಾರಣ ಮತ್ತು ಪರಿಹಾರಗಳನ್ನು ಕುರಿತು ಒಂದು ಪಾಠ



ನಮ್ಮ ಸಂಘದ ಅಧ್ಯಯನ ಕೂಟಗಳಲ್ಲಿ ಈವರೆಗೆ ಕೊಳೆರೋಗ, ಬಿಳಿ ಕಾಂಡಕೊರಕ, ಎಲೆಚುಕ್ಕೆ ರೋಗ, ಮಣ್ಣು ಪರೀಕ್ಷೆ ಮುಂತಾದ ವಿಷಯಗಳನ್ನು ಓದಿ ಚರ್ಚಿಸಿದ್ದೇವೆ. ಈ ಸಲ ತೋಟದ ರೋಗವನ್ನು ಬದಿಗಿಟ್ಟು ಮನೆಗೆ ತಗಲುವ ರೋಗವೊಂದನ್ನು ಪಾಠಕ್ಕೆ ತೆಗೆದುಕೊಂಡಿದ್ದೇನೆ. ಅದು ಬಡತನ.

ಇದಕ್ಕೆ ಒಂದು ಕಾರಣವಿದೆ. ಬರುವ ಮಹಾಸಭೆಯ ಕಾರ್ಯಸೂಚಿಯಲ್ಲಿ, ತೋಟದ ಕಾರ್ಮಿಕರನ್ನು ನಮ್ಮ ಸಂಘಕ್ಕೆ ಸದಸ್ಯರನ್ನಾಗಿ ಸೇರಿಸಿಕೊಂಡು ಅವರಿಗಾಗಿ ಮಳೆಗಾಲದ ಉಳಿತಾಯ ಮತ್ತು ಸಾಲದ ವಿಭಾಗವೊಂದನ್ನು ತೆರೆಯಬೇಕೆಂಬ ಗೊತ್ತುವಳಿ ಇದೆ. ಆಡಳಿತ ಮಂಡಳಿಯಲ್ಲಿಯೇ ಈ ಬಗ್ಗೆ ಒಮ್ಮತವಿಲ್ಲ. "ಬೆಳೆಗಾರರ ಸಂಘದಲ್ಲಿ ಕೂಲಿಯವರಿಗೇನು ಕೆಲಸ?" ಎಂದು ಹಿರಿಯ ಸದಸ್ಯರೊಬ್ಬರು ಕೇಳಿದರು. ಪ್ರಶ್ನೆ ಸಹಜವಾದುದೇ. ಕೈ ಎತ್ತುವ ಮೊದಲು ನಾವೆಲ್ಲರೂ ಸ್ವಲ್ಪ ಯೋಚಿಸಲೆಂದು ಈ ಪಾಠವನ್ನು ಬರೆದಿದ್ದೇನೆ.

1. ಬಡತನ ಎಂದರೇನು?

ಬಡವರನ್ನು ಎಣಿಸಲು ಸರ್ಕಾರಕ್ಕೆ ಒಂದು ಗೆರೆ ಬೇಕಾಗುತ್ತದೆ. 1979ರಲ್ಲಿ ಯೋಜನಾ ಆಯೋಗದ ಕಾರ್ಯತಂಡವು, ಹಳ್ಳಿಯಲ್ಲಿ ದಿನಕ್ಕೆ 2400 ಕ್ಯಾಲೊರಿ, ಪಟ್ಟಣದಲ್ಲಿ 2100 ಕ್ಯಾಲೊರಿ ಆಹಾರ ದೊರೆಯುವಷ್ಟು ಖರ್ಚು ಮಾಡಲಾರದವರನ್ನು ಬಡವರೆಂದು ಎಣಿಸಿತು. ಅನಂತರ ಬಂದ ಸಮಿತಿಗಳು ಈ ಗೆರೆಯನ್ನು ತಿದ್ದಿ, ವೈದ್ಯಕೀಯ ಮತ್ತು ವಿದ್ಯಾಭ್ಯಾಸದ ಖರ್ಚನ್ನೂ ಲೆಕ್ಕಕ್ಕೆ ತಂದವು. ತೆಂಡೂಲ್ಕರ್ ಸಮಿತಿಯ ವಿಧಾನದಂತೆ 2011-12ರಲ್ಲಿ ದೇಶದ ಜನರಲ್ಲಿ ಶೇಕಡ 21.9 ಮಂದಿ ಬಡತನದ ಗೆರೆಯ ಕೆಳಗಿದ್ದರು.

ದೇಶದ ಲೆಕ್ಕಕ್ಕೆ ಇಂತಹ ಗೆರೆ ಅಗತ್ಯ. ಆದರೆ ಒಂದು ಮನೆ ಏಕೆ ಕೆಳಗೆ ಜಾರಿತು, ಜಾರಿದ ಮನೆ ಏಕೆ ಮೇಲೆ ಬರಲಾರದು ಎಂಬುದನ್ನು ಆ ಗೆರೆ ಹೇಳುವುದಿಲ್ಲ. ಅದನ್ನು ತಿಳಿಯಲು ನಮ್ಮ ಕಣ್ಣೆದುರಿನ ಮನೆಗಳನ್ನೇ ನೋಡಬೇಕು.

ಒಂದೇ ಊರಿನಲ್ಲಿ ಎರಡು ಮನೆಗಳಿವೆಯೆಂದು ಇಟ್ಟುಕೊಳ್ಳೋಣ. ಎರಡಕ್ಕೂ ಎರಡೆರಡು ಎಕರೆ ಅಡಿಕೆ, ಪಕ್ಕದಲ್ಲಿ ಒಂದಿಷ್ಟು ಕಾಫಿ, ಮರಕ್ಕೆ ಹಬ್ಬಿದ ಮೆಣಸು. ಫಸಲೂ ಹೆಚ್ಚು ಕಡಿಮೆ ಒಂದೇ. ಮೊದಲನೆಯವನು ಅಡಿಕೆ ಒಣಗಿಸಿ ಚೀಲಕ್ಕೆ ತುಂಬಿ ಅಟ್ಟದ ಮೇಲಿಡುತ್ತಾನೆ, ಧಾರಣೆ ನೋಡಿ ಮಾರುತ್ತಾನೆ. ಎರಡನೆಯವನು ಕೊನೆ ಇಳಿಯುವ ಮೊದಲೇ ಹಣ ಪಡೆದಿರುವುದರಿಂದ ಅಟ್ಟಕ್ಕೆ ಹತ್ತಿಸಲು ಅವನಲ್ಲಿ ಚೀಲವೇ ಇರುವುದಿಲ್ಲ. ಹತ್ತು ವರ್ಷ ಕಳೆದರೆ ಮೊದಲನೆಯವನ ಮಗಳು ಕಾಲೇಜು ಮುಗಿಸಿರುತ್ತಾಳೆ. ಎರಡನೆಯವನ ಹೆಂಡತಿಯ ಒಡವೆ ಅಡವಿನಲ್ಲಿರುತ್ತದೆ. ಮಳೆ, ಮಣ್ಣು, ದುಡಿಮೆ ಎಲ್ಲವೂ ಒಂದೇ ಆಗಿದ್ದರೂ ಇಬ್ಬರ ನಡುವೆ ಒಂದು ವ್ಯತ್ಯಾಸವಿತ್ತು. ಒಬ್ಬನು ಕಾಯಬಲ್ಲವನಾಗಿದ್ದ, ಇನ್ನೊಬ್ಬನು ಕಾಯಲಾರದವನಾಗಿದ್ದ.

ತಾಳಿದವನು ಬಾಳಿಯಾನು ಎಂಬ ಗಾದೆಯನ್ನು ನಾವು ಬುದ್ಧಿಮಾತಾಗಿ ಹೇಳುತ್ತೇವೆ. ಆದರೆ ತಾಳಲು ಬರಿಯ ಮನಸ್ಸಿದ್ದರೆ ಸಾಲದು, ಮನೆಯಲ್ಲಿ ಅಕ್ಕಿ ಇರಬೇಕು. ಕಷ್ಟ ಬಂದಾಗ ತಾಳುವ ಶಕ್ತಿ ಇಲ್ಲದಿರುವುದೇ ಬಡತನದ ತಿರುಳು ಎಂಬುದು ಈ ಪಾಠದ ಮುಖ್ಯ ಮಾತು.

2. ನಾವು ಸಾಮಾನ್ಯವಾಗಿ ಹೇಳುವ ಕಾರಣಗಳು

ಬಡತನಕ್ಕೆ ಕಾರಣವೇನೆಂದು ಕೇಳಿದರೆ ಸೋಮಾರಿತನ, ಕುಡಿತ, ದುಂದು, ಹಣೆಬರಹ ಎಂಬ ಉತ್ತರಗಳು ಕೂಡಲೇ ಬರುತ್ತವೆ. ಕುಡಿತ ಅನೇಕ ಮನೆಗಳನ್ನು ಹಾಳು ಮಾಡಿದೆ ಎಂಬುದರಲ್ಲಿ ಸಂದೇಹವಿಲ್ಲ. ಮದುವೆಗೆ ಶಕ್ತಿ ಮೀರಿ ಖರ್ಚು ಮಾಡಿ ಸಾಲಕ್ಕೆ ಬಿದ್ದವರೂ ನಮ್ಮಲ್ಲಿದ್ದಾರೆ. ಆದರೆ ಸುಗ್ಗಿಯ ಕಾಲದಲ್ಲಿ ಹಗಲೆಲ್ಲ ಕಾಫಿ ಕೊಯ್ದು, ರಾತ್ರಿ ಮೆಟ್ಟುಗತ್ತಿಯ ಮುಂದೆ ಕುಳಿತು ಅಡಿಕೆ ಸುಲಿಯುವ ಹೆಂಗಸನ್ನು ಸೋಮಾರಿ ಎಂದು ಯಾರಾದರೂ ಹೇಳಬಲ್ಲರೆ? ಆಕೆಯ ಮನೆಯಲ್ಲಿ ಬಡತನ ತಪ್ಪಿಲ್ಲ. ಹಾಗೆಯೇ, ಕುಡಿಯುವ ಸಾಹುಕಾರನ ತೋಟ ಹರಾಜಿಗೆ ಬರಲು ಒಂದು ತಲೆಮಾರು ಬೇಕು. ಕುಡಿಯುವ ಕೂಲಿಯವನ ಮನೆ ಒಂದು ವಾರದಲ್ಲಿ ಉಪವಾಸ ಬೀಳುತ್ತದೆ. ತಪ್ಪು ಒಂದೇ ಆದರೂ ದಂಡ ಒಂದೇ ಅಲ್ಲ.

ಇನ್ನು ಕೆಲವು ಕಾರಣಗಳು ಯಾರ ತಪ್ಪೂ ಅಲ್ಲ. ಪಾಲಾಗಿ ಪಾಲಾಗಿ ಹಿಡುವಳಿ ಚಿಕ್ಕದಾಗುವುದು, ಶೃಂಗೇರಿ ಕೊಪ್ಪದ ಕಡೆ ಹಳದಿ ಎಲೆ ರೋಗಕ್ಕೆ ತೋಟಕ್ಕೆ ತೋಟವೇ ಸೊರಗುವುದು, ಮನೆಯ ಯಜಮಾನನಿಗೆ ಕಾಯಿಲೆ ಬರುವುದು, ದೂರದ ದೇಶಗಳಲ್ಲಿ ಬೆಳೆ ಹೆಚ್ಚಾಗಿ ನಮ್ಮಲ್ಲಿ ಕಾಫಿ ಧಾರಣೆ ಕುಸಿಯುವುದು ಇಂತಹವು. 2001ರ ಸುಮಾರಿಗೆ ಪ್ರಪಂಚದ ಕಾಫಿ ಧಾರಣೆ ಮೂವತ್ತು ವರ್ಷಗಳಲ್ಲಿ ಕಾಣದಷ್ಟು ಕೆಳಗಿಳಿದುದನ್ನು ನಮ್ಮಲ್ಲಿ ಯಾರೂ ಮರೆತಿಲ್ಲ. ಇಂತಹ ಪೆಟ್ಟು ದೊಡ್ಡ ಎಸ್ಟೇಟಿಗೂ ಬೀಳುತ್ತದೆ, ಒಂದೆಕರೆಯವನಿಗೂ ಬೀಳುತ್ತದೆ. ದೊಡ್ಡವನು ಪೆಟ್ಟನ್ನು ತಿಂದು ನಿಲ್ಲುತ್ತಾನೆ. ಚಿಕ್ಕವನು ಅದನ್ನು ತಡೆಯಲು ಮುಂದಿನ ವರ್ಷದ ಫಸಲನ್ನೇ ಮಾರಿಬಿಡುತ್ತಾನೆ. ಅಲ್ಲಿಂದ ಮುಂದೆ ಒಂದು ವರ್ಷದ ಕಷ್ಟ ಹತ್ತು ವರ್ಷದ ಬಡತನವಾಗುತ್ತದೆ.

3. ಬೆಳೆಗಾರನ ಲೆಕ್ಕ

ನಮ್ಮ ಬೆಳೆಗಳ ಖರ್ಚು ಒಂದು ಕಾಲಕ್ಕೆ, ಆದಾಯ ಇನ್ನೊಂದು ಕಾಲಕ್ಕೆ. ಮುಂಗಾರಿಗೆ ಮೊದಲು ಒಂದು ಸಲ, ಅದಾಗಿ ನಲವತ್ತು ನಲವತ್ತೈದು ದಿನಕ್ಕೆ ಇನ್ನೊಂದು ಸಲ ಬೋರ್ಡೋ ಹೊಡೆಸಬೇಕು. ಜೂನ್‌ನಲ್ಲಿ ಶಾಲೆಯ ಫೀಜು, ಪುಸ್ತಕ. ಅನಂತರ ಕಳೆ, ಗೊಬ್ಬರ. ಕೈಗೆ ಹಣ ಬರುವುದು ಕೊಯ್ಲಾದ ಮೇಲೆ. ಈ ನಾಲ್ಕೈದು ತಿಂಗಳ ಕಂದಕವನ್ನು ದಾಟಲು ಸೇತುವೆ ಹಾಕಿಕೊಡುವವರು ಯಾರೋ ಅವರ ಕೈಯಲ್ಲಿ ನಮ್ಮ ಫಸಲಿನ ಬೆಲೆ ಇರುತ್ತದೆ.

ಲೆಕ್ಕ ಸುಲಭವಾಗಲೆಂದು ದುಂಡು ಅಂಕಿಗಳನ್ನು ತೆಗೆದುಕೊಳ್ಳೋಣ. ಬೆಳೆಗಾರನೊಬ್ಬನು ಆಗಸ್ಟಿನಲ್ಲಿ ವ್ಯಾಪಾರಿಯಿಂದ 80,000 ರೂಪಾಯಿ ಮುಂಗಡ ಪಡೆದು, ಡಿಸೆಂಬರಿನಲ್ಲಿ ಎರಡು ಕ್ವಿಂಟಲ್ ರಾಶಿ ಅಡಿಕೆಯನ್ನು ಕ್ವಿಂಟಲಿಗೆ 40,000ದಂತೆ ಕೊಡಲು ಒಪ್ಪಿದ್ದಾನೆ. ಡಿಸೆಂಬರಿನಲ್ಲಿ ಮಾರುಕಟ್ಟೆಯ ಧಾರಣೆ 46,000 ಇದೆ. ಅವನು ಕಳೆದುಕೊಂಡದ್ದು 12,000 ರೂಪಾಯಿ. ಇದನ್ನು ಯಾರೂ ಬಡ್ಡಿ ಎಂದು ಕರೆಯುವುದಿಲ್ಲ. ಆದರೆ 80,000ಕ್ಕೆ ನಾಲ್ಕು ತಿಂಗಳಿಗೆ 12,000 ಎಂದರೆ ಶೇಕಡ 15. ವರ್ಷದ ಲೆಕ್ಕದಲ್ಲಿ ಶೇಕಡ 45. ಅದೇ ಹಣವನ್ನು ಸಂಘದಿಂದ ವರ್ಷಕ್ಕೆ ಶೇಕಡ 12ರ ಬಡ್ಡಿಯಲ್ಲಿ ಪಡೆದಿದ್ದರೆ ನಾಲ್ಕು ತಿಂಗಳಿಗೆ ತಗಲುತ್ತಿದ್ದುದು 3,200 ರೂಪಾಯಿ. ಉಳಿಯುತ್ತಿದ್ದ 8,800 ರೂಪಾಯಿಯಲ್ಲಿ ಮುಂದಿನ ವರ್ಷದ ಮೈಲುತುತ್ತ, ಸುಣ್ಣ, ಆಳಿನ ಖರ್ಚಿನ ಒಂದು ಪಾಲು ಸಲ್ಲುತ್ತಿತ್ತು.

ನ್ಯಾಯವಾಗಿ ಇನ್ನೊಂದು ಮಾತನ್ನೂ ಹೇಳಬೇಕು. ಕೆಲವು ವರ್ಷ ಧಾರಣೆ ಕೆಳಗಿಳಿದು ವ್ಯಾಪಾರಿಗೇ ನಷ್ಟವಾಗುವುದುಂಟು. ವ್ಯಾಪಾರಿ ಕೆಟ್ಟವನೆಂದು ನಾನು ಹೇಳುತ್ತಿಲ್ಲ. ಅವಸರದಲ್ಲಿ ಹಣ ಕೊಡುವವನು ಅವನೊಬ್ಬನೇ ಆಗಿರುವುದು ನಮ್ಮ ತೊಂದರೆ. ಧಾರಣೆ ಹಾಗಿರಲಿ, ಮುಂಗಡ ಪಡೆದವನಿಗೆ ತೂಕದ ಮುಂದೆ ಬಾಯಿ ಇರುವುದಿಲ್ಲ.

ಇದನ್ನು ನಾನು ಸ್ವಂತ ಅನುಭವದಿಂದ ಹೇಳುತ್ತೇನೆ. 2001ರ ಮಳೆಗಾಲದಲ್ಲಿ ನಮ್ಮ ತಂದೆಯವರಿಗೆ ತುರ್ತಾಗಿ ಶಸ್ತ್ರಚಿಕಿತ್ಸೆ ಆಗಬೇಕಾಯಿತು. ಕಾಫಿಗೆ ಧಾರಣೆ ಇರಲಿಲ್ಲ. ಬ್ಯಾಂಕಿನಲ್ಲಿ ಹಳೆಯ ಬಾಕಿ ಇತ್ತು. ಪೇಟೆಯ ವ್ಯಾಪಾರಿಯೊಬ್ಬರು ಒಂದು ರುಜು ಹಾಕಿಸಿಕೊಂಡು ಅರ್ಧ ಗಂಟೆಯಲ್ಲಿ ಹಣ ಎಣಿಸಿ ಕೊಟ್ಟರು. ತಂದೆಯವರು ಉಳಿದರು; ಆ ಉಪಕಾರವನ್ನು ಮರೆಯಲಾರೆ. ಸುಗ್ಗಿಯಲ್ಲಿ ಅವರ ಆಳುಗಳು ನಮ್ಮ ಅಡಿಕೆ ತೂಗಿ, ತೇವ ಇದೆಯೆಂದು ಚೀಲಕ್ಕೆ ಎರಡೆರಡು ಕಿಲೋ ಕಳೆದರು. ನಾನು ಬಿ.ಎಸ್‌ಸಿ. ಓದಿದವನು. ಅಡಿಕೆಯಲ್ಲಿ ಅಷ್ಟು ತೇವ ಇಲ್ಲವೆಂದು ನನಗೆ ಗೊತ್ತಿತ್ತು. ಆದರೂ ಸುಮ್ಮನಿದ್ದೆ. ಮುಂದಿನ ಮಳೆಗಾಲಕ್ಕೂ ಅವರ ಬಾಗಿಲಿಗೇ ಹೋಗಬೇಕೆಂಬುದೂ ನನಗೆ ಗೊತ್ತಿತ್ತು. ಆ ಸುಳಿಯಿಂದ ಹೊರಬರಲು ನನಗೆ ನಾಲ್ಕು ವರ್ಷ ಬೇಕಾಯಿತು.

4. ಜೋಬ್ರಾ ಗ್ರಾಮದ ಬಿದಿರಿನ ಸ್ಟೂಲು

ಇದು ಅಡಿಕೆಯವರಿಗೆ ಮಾತ್ರ ಬಂದ ಕಷ್ಟವಲ್ಲ. ಬಾಂಗ್ಲಾದೇಶದ ಚಿತ್ತಗಾಂಗಿನ ಬಳಿ ಜೋಬ್ರಾ ಎಂಬ ಗ್ರಾಮವಿದೆ. 1976ರಲ್ಲಿ ಅಲ್ಲಿನ ವಿಶ್ವವಿದ್ಯಾನಿಲಯದ ಅರ್ಥಶಾಸ್ತ್ರದ ಪ್ರಾಧ್ಯಾಪಕ ಮುಹಮ್ಮದ್ ಯೂನುಸ್ ಅವರು ಆ ಗ್ರಾಮದಲ್ಲಿ ಬಿದಿರಿನ ಸ್ಟೂಲು ಹೆಣೆಯುವ ಹೆಂಗಸೊಬ್ಬಳನ್ನು ಕಂಡರು. ಒಂದು ಸ್ಟೂಲಿಗೆ ಬೇಕಾದ ಬಿದಿರಿನ ಬೆಲೆ ಐದು ಟಾಕಾ. ಅಷ್ಟು ಹಣ ಆಕೆಯಲ್ಲಿರಲಿಲ್ಲ. ವ್ಯಾಪಾರಿಯೇ ಬಿದಿರಿಗೆ ಹಣ ಕೊಡುತ್ತಿದ್ದ. ಸ್ಟೂಲನ್ನು ಅವನಿಗೇ, ಅವನು ಹೇಳಿದ ಬೆಲೆಗೇ ಮಾರಬೇಕಾಗಿತ್ತು. ದಿನವಿಡೀ ಹೆಣೆದರೆ ಆಕೆಗೆ ಉಳಿಯುತ್ತಿದ್ದುದು ಅರ್ಧ ಟಾಕಾ. ಆಕೆಯ ಕೈಯಲ್ಲಿ ಕೆಲಸವಿತ್ತು, ಮಾಲಿಗೆ ಗಿರಾಕಿ ಇತ್ತು; ಐದು ಟಾಕಾ ಮಾತ್ರ ಇರಲಿಲ್ಲ.

ಯೂನುಸ್ ಅವರು ಇಂತಹ ಬಿಗಿಯಲ್ಲಿ ಸಿಕ್ಕಿದವರ ಪಟ್ಟಿ ಮಾಡಿಸಿದಾಗ 42 ಮಂದಿಯ ಹೆಸರು ಬಂತು. ಅಷ್ಟೂ ಜನ ಬಿಡುಗಡೆಯಾಗಲು ಬೇಕಾದ ಒಟ್ಟು ಹಣ 856 ಟಾಕಾ. ಅದನ್ನು ಅವರು ತಮ್ಮ ಜೇಬಿನಿಂದ ಸಾಲ ಕೊಟ್ಟರು. ಅಲ್ಲಿಂದ ಬೆಳೆದ ಪ್ರಯತ್ನ 1983ರಲ್ಲಿ ಗ್ರಾಮೀಣ ಬ್ಯಾಂಕ್ ಆಯಿತು.

ಆ ಹೆಂಗಸಿಗೂ ಆಗಸ್ಟಿನಲ್ಲಿ ಅಡಿಕೆ ಮಾರಿಕೊಳ್ಳುವ ನಮ್ಮ ಸದಸ್ಯರಿಗೂ ಹೆಚ್ಚು ಅಂತರವಿಲ್ಲ. ಸಾಲ ಕೊಡುವವನೂ ಮಾಲು ಕೊಳ್ಳುವವನೂ ಒಬ್ಬನೇ ಆದಾಗ ಬೆಲೆ ಹೇಳುವ ಹಕ್ಕು ದುಡಿದವನ ಕೈ ತಪ್ಪುತ್ತದೆ.

5. ಕಾರ್ಮಿಕನ ಲೆಕ್ಕ

ಇನ್ನು ನಮ್ಮ ಲೈನ್ ಮನೆಗಳ ಕಡೆ ನೋಡೋಣ. ಕಾರ್ಮಿಕನು ಮಾರುವುದು ತನ್ನ ದಿನದ ದುಡಿಮೆಯನ್ನು. ಅಡಿಕೆಯನ್ನು ಒಂದು ವರ್ಷ ಇಟ್ಟು ಮಾರಬಹುದು. ಇಂದಿನ ದುಡಿಮೆಯನ್ನು ನಾಳೆಗೆ ಇಡಲಾಗದು. ಆದುದರಿಂದ ತಾಳುವ ಶಕ್ತಿ ಎಲ್ಲರಿಗಿಂತ ಕಡಿಮೆ ಇರುವುದು ಅವನಿಗೆ.

ನವೆಂಬರಿನಿಂದ ಮಾರ್ಚಿಯವರೆಗೆ ಸುಲಿತ, ಕೊಯ್ಲು ಎಂದು ಗಂಡ ಹೆಂಡಿರಿಬ್ಬರಿಗೂ ಕೈತುಂಬ ಕೆಲಸ. ಆಷಾಢ ಶ್ರಾವಣದ ಜಡಿಮಳೆಯಲ್ಲಿ ವಾರಕ್ಕೆ ಮೂರು ದಿನ ಕೆಲಸ ಸಿಕ್ಕರೆ ಹೆಚ್ಚು. ಜ್ವರ, ಕೆಮ್ಮು ಬರುವುದೂ ಆಗಲೇ, ಮಕ್ಕಳ ಶಾಲೆ ತೆರೆಯುವುದೂ ಆಗಲೇ. ವರ್ಷದ ಒಟ್ಟು ಗಳಿಕೆಯನ್ನು ಹನ್ನೆರಡರಿಂದ ಭಾಗಿಸಿದರೆ ಸಂಸಾರ ಸಾಗಬಹುದೆಂದು ಕಾಣುತ್ತದೆ. ಆದರೆ ಹೊಟ್ಟೆ ಸರಾಸರಿಯಿಂದ ತುಂಬುವುದಿಲ್ಲ. ಆಗ ಅವನಿಗೆ ಮೂರು ದಾರಿ: ಅಂಗಡಿಯ ಉದ್ರಿ, ವಾರದ ಕಂತಿನ ಸಾಲದ ಕಂಪನಿ, ಇಲ್ಲವೆ ತೋಟದ ಯಜಮಾನನಿಂದ ಮುಂಗಡ.

ವಾರದ ಕಂತಿನ ಸಾಲ ಮೊದಲಿಗೆ ಉಪಕಾರವಾಗಿಯೇ ಬಂತು. ಆದರೆ ಮಳೆಗಾಲದಲ್ಲಿ ಕೆಲಸ ನಿಂತರೂ ಕಂತು ನಿಲ್ಲುವುದಿಲ್ಲ. ಒಂದರ ಕಂತು ಕಟ್ಟಲು ಇನ್ನೊಂದು, ಅದಕ್ಕೆ ಮತ್ತೊಂದು ಎಂದು ಸಾಲ ಬೆಳೆಯುತ್ತದೆ. 2010ರಲ್ಲಿ ಆಂಧ್ರಪ್ರದೇಶದಲ್ಲಿ ಇದು ದೊಡ್ಡ ಅನಾಹುತವಾಗಿ, ಸರ್ಕಾರ ಕಾನೂನು ತಂದು ತಡೆಯಬೇಕಾಯಿತು. ನಮ್ಮ ರಾಜ್ಯದಲ್ಲಿಯೂ ಬಲವಂತದ ವಸೂಲಿಯನ್ನು ತಡೆಯಲು 2025ರ ಫೆಬ್ರವರಿಯಲ್ಲಿ ಸುಗ್ರೀವಾಜ್ಞೆ ಹೊರಡಿಸಬೇಕಾಯಿತು. ಜೋಬ್ರಾದಲ್ಲಿ ಬಿಡುಗಡೆ ಮಾಡಿದ ಸಾಲವೇ ಕೊಡುವ ರೀತಿ ಕೆಟ್ಟರೆ ಉರುಳಾಗುತ್ತದೆ ಎಂಬುದನ್ನು ನಾವು ಗಮನದಲ್ಲಿಡಬೇಕು.

ಉಳಿದದ್ದು ಯಜಮಾನನ ಮುಂಗಡ. ಇಲ್ಲಿ ನನ್ನದೇ ತಪ್ಪೊಂದನ್ನು ಹೇಳಬೇಕಾಗಿದೆ. ಮೇಲೆ ಹೇಳಿದ 2001ರ ಮಳೆಗಾಲದಲ್ಲಿಯೇ ನಮ್ಮ ಲೈನಿನ ಒಂದು ಸಂಸಾರಕ್ಕೆ ಮಗುವಿನ ಕಾಯಿಲೆಗೆಂದು 3,000 ರೂಪಾಯಿ ಮುಂಗಡ ಕೊಟ್ಟಿದ್ದೆ. ಡಿಸೆಂಬರಿನಲ್ಲಿ ಆಚೆಯ ತೋಟದವರು ಕಾಫಿ ಕೊಯ್ಲಿಗೆ ಕಿಲೋಗೆ ನಮಗಿಂತ ಹೆಚ್ಚು ಕೊಡುತ್ತಿದ್ದರು. ಆ ಮನುಷ್ಯ ಬಂದು ಹೇಳಿದ: "ಅಯ್ಯಾ, ಒಂದು ತಿಂಗಳು ಆಚೆ ತೋಟಕ್ಕೆ ಹೋಗಿ ಬರ್ತೀವಿ. ನಿಮ್ಮ ಬಾಕಿನೂ ಬೇಗ ತೀರುತ್ತೆ." ನಾನು, "ಮೊದಲು ಬಾಕಿ ತೀರಿಸು, ಆಮೇಲೆ ಹೋಗು" ಎಂದೆ. ಅವನು ತಲೆ ತಗ್ಗಿಸಿಕೊಂಡು ಹೋದ. ಇಬ್ಬರೂ ನಮ್ಮ ತೋಟದಲ್ಲಿಯೇ ಕಡಿಮೆ ದರಕ್ಕೆ ಕೊಯ್ದರು. ಬಾಕಿ ಪೂರ್ತಿ ತೀರಲಿಲ್ಲ. ಮುಂದಿನ ಆಷಾಢದಲ್ಲಿ ಮತ್ತೆ ಮುಂಗಡ ಪಡೆದರು.

ಆಗ ನನಗೆ ಏನೂ ಅನ್ನಿಸಲಿಲ್ಲ. ಬಹಳ ವರ್ಷಗಳ ನಂತರ ಹಳೆಯ ಮಸ್ಟರ್ ಪುಸ್ತಕ, ಮುಂಗಡದ ಪುಸ್ತಕಗಳನ್ನು ತಿರುವಿಹಾಕುವಾಗ ಆ ಪುಟ ಕಣ್ಣಿಗೆ ಬಿತ್ತು. ಪೇಟೆಯ ವ್ಯಾಪಾರಿ ನನ್ನ ಅಡಿಕೆಗೆ ಏನು ಮಾಡಿದರೋ ಅದನ್ನೇ ನಾನು ಅವರ ದುಡಿಮೆಗೆ ಮಾಡಿದ್ದೆ. ತೂಕದ ಮುಂದೆ ನಾನು ಸುಮ್ಮನಿದ್ದಂತೆ ಅವನು ನನ್ನ ಮುಂದೆ ಸುಮ್ಮನಿದ್ದ. ಮುಂಗಡ ಕೊಟ್ಟು, ಬೇರೆ ಕಡೆ ಕೆಲಸ ಮಾಡುವ ಸ್ವಾತಂತ್ರ್ಯವನ್ನು ಕಿತ್ತುಕೊಳ್ಳುವುದನ್ನು 1976ರಲ್ಲಿ ಬಂದ ಜೀತ ನಿರ್ಮೂಲನ ಕಾಯಿದೆ ಜೀತವೆಂದೇ ಕರೆದಿದೆ. ಓದಿಕೊಂಡಿದ್ದ ನನಗೆ ಅದು ತಿಳಿದಿರಬೇಕಾಗಿತ್ತು. ಈ ಸಾಲುಗಳನ್ನು ಓದುತ್ತಿರುವ ಸದಸ್ಯರಲ್ಲಿ ಇಂತಹ ಒಂದು ಪುಟ ಇಲ್ಲದವರು ಇದ್ದರೆ ಅವರಿಗೆ ನನ್ನ ನಮಸ್ಕಾರ.

6. ಈವರೆಗೆ ನಡೆದ ಪರಿಹಾರಗಳು

ಸರ್ಕಾರದಿಂದ ಆದ ಕೆಲಸ ಚಿಕ್ಕದಲ್ಲ. 1951ರಲ್ಲಿ ಸಾಗರ ತಾಲ್ಲೂಕಿನ ಕಾಗೋಡಿನಲ್ಲಿ ಗೇಣಿದಾರರು ಸತ್ಯಾಗ್ರಹ ಹೂಡಿದರು. ಗೇಣಿ ಭತ್ತ ಅಳೆಯುವ ಕೊಳಗದ ಅಳತೆಯೇ ಅಲ್ಲಿನ ಮುಖ್ಯ ವ್ಯಾಜ್ಯವಾಗಿತ್ತು. ತೂಕದ ಮುಂದೆ ಬಾಯಿ ತೆರೆದವರು ಅವರು. ದೇವರಾಜ ಅರಸು ಅವರ ಕಾಲದಲ್ಲಿ, 1974ರ ಮಾರ್ಚ್ 1ರಿಂದ ಜಾರಿಗೆ ಬಂದ ಭೂಸುಧಾರಣಾ ತಿದ್ದುಪಡಿಯಿಂದ ಗೇಣಿ ಪದ್ಧತಿ ಹೋಗಿ ಉಳುವವನೇ ಒಡೆಯನಾದ. ನಮ್ಮ ಸದಸ್ಯರಲ್ಲಿ ಅನೇಕರ ಮನೆಯ ಹಕ್ಕುಪತ್ರ ಆ ಕಾಲದ್ದು. 2005ರಲ್ಲಿ ಉದ್ಯೋಗ ಖಾತರಿಯ ಕಾಯಿದೆ ಬಂತು. ಪಡಿತರದ ಅಕ್ಕಿ ಆಷಾಢದ ಹಸಿವನ್ನು ಎಷ್ಟೋ ಕಡಿಮೆ ಮಾಡಿದೆ. ಇವೆಲ್ಲವೂ ಬಡವನಿಗೆ ಸ್ವಲ್ಪ ಮಟ್ಟಿಗೆ ತಾಳುವ ಶಕ್ತಿಯನ್ನು ಕೊಟ್ಟವು.

ಕಾಫಿಯಲ್ಲಿ 1942ರ ಕಾಯಿದೆಯಿಂದ ಪೂಲ್ ಪದ್ಧತಿ ಬಂತು. ಎಲ್ಲರ ಕಾಫಿಯನ್ನೂ ಮಂಡಳಿಯೇ ಕೊಂಡು ಕಂತುಗಳಲ್ಲಿ ಹಣ ಕೊಡುತ್ತಿತ್ತು. ಚಿಕ್ಕವನ ಮಾಲಿಗೂ ದೊಡ್ಡವನ ಮಾಲಿಗೂ ಅಲ್ಲಿ ಒಂದೇ ಲೆಕ್ಕ. ಆದರೆ ಕೊನೆಯ ಕಂತಿಗೆ ಕಾದು ಕಾದು ಬೆಳೆಗಾರ ಸಾಲ ಮಾಡುವಂತಾಗಿತ್ತು. 1992ರಿಂದ ಹಂತಹಂತವಾಗಿ ಸಡಿಲಗೊಂಡು 1996ರ ವೇಳೆಗೆ ಎಲ್ಲರಿಗೂ ಮುಕ್ತ ಮಾರಾಟ ಬಂತು. ಅಂದಿನಿಂದ ಯಾವಾಗ ಮಾರಬೇಕೆಂಬ ತೀರ್ಮಾನ ನಮ್ಮದಾಯಿತು; ತಾಳಲಾರದವನಿಗೆ ಮಾತ್ರ ಆ ಸ್ವಾತಂತ್ರ್ಯ ಕಾಗದದ ಮೇಲೆ ಉಳಿಯಿತು. 2024ರಲ್ಲಿ ರೊಬಸ್ಟಾ ಧಾರಣೆ ಕೊಯ್ಲಿನ ನಂತರವೂ ಏಪ್ರಿಲ್‌ವರೆಗೆ ಏರುತ್ತ ಹೋದಾಗ, ಹಣ್ಣನ್ನೇ ಮಾರಿದವರಿಗೂ ಚೆರಿ ಒಣಗಿಸಿ ಇಟ್ಟವರಿಗೂ ಎಷ್ಟು ಅಂತರವಾಯಿತೆಂದು ನಾವು ಕಂಡಿದ್ದೇವೆ.

ಸಹಕಾರದ ದಾರಿಯೂ ನಮಗೆ ಹೊಸತಲ್ಲ. 1904ರಲ್ಲಿ ಸಹಕಾರ ಕಾಯಿದೆ ಬಂದ ಮರುವರ್ಷವೇ ಗದಗ ಬಳಿಯ ಕಣಗಿನಹಾಳದಲ್ಲಿ ಸಿದ್ದನಗೌಡ ಸಣ್ಣರಾಮನಗೌಡ ಪಾಟೀಲರು ಕೃಷಿ ಪತ್ತಿನ ಸಂಘವನ್ನು ಕಟ್ಟಿದರು. ಹಾಗಿದ್ದೂ, 1951-52ರಲ್ಲಿ ರಿಸರ್ವ್ ಬ್ಯಾಂಕು ನಡೆಸಿದ ಗ್ರಾಮೀಣ ಸಾಲದ ಸಮೀಕ್ಷೆಯಲ್ಲಿ ರೈತರ ಸಾಲದ ನೂರರಲ್ಲಿ ಸುಮಾರು ಎಪ್ಪತ್ತು ಪಾಲು ಲೇವಾದೇವಿಯವರದು, ಸಹಕಾರ ಸಂಘಗಳದು ಬರಿಯ 3.1 ಪಾಲು ಎಂದು ತಿಳಿದುಬಂತು. ಸಂಘಗಳು ಜಮೀನಿನ ಆಧಾರ ಕೇಳುತ್ತಿದ್ದವು, ಹಣ ಕೊಡಲು ತಡಮಾಡುತ್ತಿದ್ದವು, ಮಾರಾಟದ ಗೊಡವೆಗೆ ಹೋಗುತ್ತಿರಲಿಲ್ಲ. ಸಾಲ ಮತ್ತು ಮಾರಾಟ ಎರಡನ್ನೂ ಒಟ್ಟಿಗೆ ಹಿಡಿಯಬೇಕೆಂಬುದೇ ಆ ಸಮೀಕ್ಷೆಯಿಂದ ಕಲಿತ ಪಾಠ.

ಈ ಪಾಠವನ್ನು ಅಡಿಕೆಯವರು ಚೆನ್ನಾಗಿ ಕಲಿತರು. ಶಿರಸಿಯ ತೋಟಗಾರ್ಸ್ ಸೇಲ್ ಸೊಸೈಟಿ 1923ರಲ್ಲಿಯೇ, ಶಿವಮೊಗ್ಗದ ಮ್ಯಾಮ್ಕೋಸ್ 1939ರಲ್ಲಿ ಹುಟ್ಟಿದ್ದವು. 1970ರ ನಂತರ ಧಾರಣೆ ಕುಸಿದು ಕರಾವಳಿಯ ಬೆಳೆಗಾರರು ಕಂಗೆಟ್ಟಾಗ, ವಾರಣಾಶಿ ಸುಬ್ರಾಯ ಭಟ್ಟರ ಮುಂದಾಳತ್ವದಲ್ಲಿ 1973ರಲ್ಲಿ ಮಂಗಳೂರಿನಲ್ಲಿ ಕ್ಯಾಂಪ್ಕೋ ಸ್ಥಾಪನೆಯಾಯಿತು. ಕ್ಯಾಂಪ್ಕೋ ಎಲ್ಲರ ಅಡಿಕೆಯನ್ನೂ ಕೊಳ್ಳಬೇಕಾಗಿರಲಿಲ್ಲ. ಕೊಳ್ಳುವವನು ಇನ್ನೊಬ್ಬನಿದ್ದಾನೆ ಎಂಬಷ್ಟರಿಂದಲೇ ಉಳಿದವರು ಹೇಳುವ ಬೆಲೆ ಬದಲಾಗುತ್ತದೆ.

7. ನಮ್ಮ ಸಂಘ ಮಾಡಬಹುದಾದ ಕೆಲಸ

(ಅ) ಬೆಳೆ ಸಾಲ ಸಕಾಲಕ್ಕೆ. ಮುಂಗಾರಿಗೆ ಮೊದಲೇ ಸಾಲ ಕೈಸೇರಿದರೆ ಆಗಸ್ಟಿನ ಮುಂಗಡ ತಪ್ಪುತ್ತದೆ. ಸಕಾಲಕ್ಕೆ ತೀರಿಸುವವರಿಗೆ ಕೊಡುವ ಶೂನ್ಯ ಬಡ್ಡಿಯ ಅಲ್ಪಾವಧಿ ಸಾಲದ ಮಿತಿಯನ್ನು 3 ಲಕ್ಷದಿಂದ 5 ಲಕ್ಷಕ್ಕೆ ಏರಿಸುವುದಾಗಿ 2023ರ ಜುಲೈ ತಿಂಗಳ ಆಯವ್ಯಯದಲ್ಲಿ ರಾಜ್ಯ ಸರ್ಕಾರ ಪ್ರಕಟಿಸಿತು. ಪಹಣಿ, ಆಧಾರ್ ಮುಂತಾದ ಕಾಗದಗಳನ್ನು ಏಪ್ರಿಲ್‌ನಲ್ಲಿಯೇ ಸಿದ್ಧಮಾಡಿ ಕೊಟ್ಟರೆ ಕಾರ್ಯಾಲಯದ ತಡವೂ ಕಡಿಮೆಯಾಗುತ್ತದೆ.

(ಆ) ಈಡಿನ ಸಾಲ. ಒಣಗಿಸಿದ ಅಡಿಕೆ, ಕಾಫಿಯನ್ನು ಸಂಘದ ಗೋದಾಮಿನಲ್ಲಿಟ್ಟು ಅಂದಿನ ಧಾರಣೆಯ ನೂರಕ್ಕೆ ಅರವತ್ತರಷ್ಟು ಸಾಲ ಪಡೆದರೆ, ಮಾರುವ ದಿನವನ್ನು ಬೆಳೆಗಾರನೇ ಆರಿಸಬಹುದು. ಇಲ್ಲಿ ಒಂದು ಎಚ್ಚರಿಕೆ ಬೇಕು. ತಾಳುವುದೆಂದರೆ ಸಟ್ಟಾ ವ್ಯವಹಾರವಲ್ಲ. 2025ರಲ್ಲಿ ರೊಬಸ್ಟಾ ಧಾರಣೆ ಫೆಬ್ರವರಿಯಿಂದ ಜುಲೈವರೆಗೆ ಇಳಿಯುತ್ತ ಬಂದು, ಇನ್ನೂ ಏರುವುದೆಂದು ಕಾದವರು ಕೈಸುಟ್ಟುಕೊಂಡರು. ಫಸಲನ್ನು ಮೂರು ನಾಲ್ಕು ಪಾಲು ಮಾಡಿ ಬೇರೆಬೇರೆ ತಿಂಗಳಲ್ಲಿ ಮಾರುವುದು ಚಿಕ್ಕ ಬೆಳೆಗಾರನಿಗೆ ಕ್ಷೇಮ.

(ಇ) ಕಾರ್ಮಿಕರ ಮಳೆಗಾಲದ ಉಳಿತಾಯ. ಸುಗ್ಗಿಯ ನೂರು ದಿನ, ದಿನಕ್ಕೆ 50 ರೂಪಾಯಿಯಂತೆ ಒಬ್ಬರು ಕಟ್ಟಿದರೆ 5,000, ಗಂಡ ಹೆಂಡಿರಿಬ್ಬರಿಂದ 10,000 ಆಗುತ್ತದೆ. ಸಂಘವು ಪ್ರೋತ್ಸಾಹಕ್ಕೆಂದು 500 ಸೇರಿಸಿದರೆ ಜೂನ್, ಜುಲೈ, ಆಗಸ್ಟ್ ಮೂರು ತಿಂಗಳಿಗೆ ತಿಂಗಳಿಗೆ 3,500ರಂತೆ ಮನೆಗೆ ಸೇರುತ್ತದೆ. ಇದು ದಾನವಲ್ಲ, ಹೆಚ್ಚಿನ ಪಾಲು ಅವರದೇ ಹಣ. ಕಾಯಿಲೆಗೆ ಬೇಕಾದರೆ ಐದು ಮಂದಿಯ ಜಾಮೀನಿನ ಮೇಲೆ ಚಿಕ್ಕ ಸಾಲ. ಅದರ ಕಂತು ಸುಗ್ಗಿಯ ತಿಂಗಳುಗಳಲ್ಲಿ ಮಾತ್ರ, ಮಳೆಗಾಲದಲ್ಲಿ ವಸೂಲಿ ಇಲ್ಲ.

(ಈ) ಮುಂಗಡಕ್ಕೆ ನಿಯಮ. ಸದಸ್ಯರು ಕಾರ್ಮಿಕರಿಗೆ ಕೊಡುವ ಮುಂಗಡವನ್ನು ಕಾರ್ಮಿಕರ ಕೈಯಲ್ಲಿರುವ ಪುಸ್ತಕದಲ್ಲಿಯೂ ಬರೆಯಬೇಕು. ಬಡ್ಡಿ ಇರಬಾರದು. ಕೂಲಿಯ ನಾಲ್ಕನೆಯ ಒಂದು ಪಾಲಿಗಿಂತ ಹೆಚ್ಚು ಹಿಡಿಯಬಾರದು. ಬಾಕಿ ಇದೆಯೆಂದು ಬೇರೆ ತೋಟಕ್ಕೆ ಹೋಗುವವರನ್ನು ತಡೆಯಬಾರದು.

8. ಆಕ್ಷೇಪಣೆಗಳಿಗೆ ಉತ್ತರ

"ಹೀಗೆ ಮಾಡಿದರೆ ಆಳುಗಳು ತೋಟ ಬಿಟ್ಟು ಹೋಗುತ್ತಾರೆ" ಎಂಬುದು ಮೊದಲ ಆಕ್ಷೇಪಣೆ. ಬಿಟ್ಟು ಹೋಗುವವರು ಈಗಾಗಲೇ ಬೆಂಗಳೂರಿಗೂ ಕೇರಳಕ್ಕೂ ಹೋಗಿದ್ದಾರೆ. ಮುಂಗಡದ ಪುಸ್ತಕ ಅವರನ್ನು ಹಿಡಿದಿಡಲಿಲ್ಲ. ಮಳೆಗಾಲದಲ್ಲಿಯೂ ಇಲ್ಲಿಯೇ ಇದ್ದು ಬದುಕಬಹುದೆಂಬ ನಂಬಿಕೆ ಬಂದರೆ ಉಳಿದವರು ಉಳಿಯುತ್ತಾರೆ.

"ಕೊಟ್ಟ ಸಾಲ ಹಿಂದಿರುಗುವುದಿಲ್ಲ" ಎಂಬುದು ಎರಡನೆಯದು. ಎಲ್ಲವೂ ಹಿಂದಿರುಗುತ್ತದೆಂದು ನಾನು ಭರವಸೆ ಕೊಡಲಾರೆ. ಕಾರ್ಯದರ್ಶಿಯಾಗಿ ಸಂಘದ ಸುಸ್ತಿದಾರರ ಪಟ್ಟಿಯನ್ನು ಪ್ರತಿ ವರ್ಷ ಸಿದ್ಧಪಡಿಸುವವನು ನಾನೇ. ಆ ಪಟ್ಟಿಯ ಮೇಲ್ಭಾಗದಲ್ಲಿ ಇರುವುದು ಚಿಕ್ಕ ಹಿಡುವಳಿಯವರ ಹೆಸರುಗಳಲ್ಲ ಎಂದಷ್ಟು ಮಾತ್ರ ಹೇಳಬಲ್ಲೆ.

ಮೂರನೆಯ ಆಕ್ಷೇಪಣೆ ಗಂಭೀರವಾದುದು. ಕಾರ್ಮಿಕರ ಸಂಖ್ಯೆ ನಮಗಿಂತ ಹೆಚ್ಚು. ಒಬ್ಬರಿಗೆ ಒಂದು ಮತ ಎಂದಾದರೆ ಬೆಳೆಗಾರರ ಸಂಘ ಬೆಳೆಗಾರರ ಕೈ ತಪ್ಪುವುದಿಲ್ಲವೆ? ಈ ಭಯಕ್ಕೆ ಕಾರಣವಿದೆ. ಆದುದರಿಂದ ಗೊತ್ತುವಳಿಯಲ್ಲಿ ಮೊದಲು ಉಳಿತಾಯ ಮತ್ತು ಸಾಲದ ವಿಭಾಗವನ್ನು ಪ್ರತ್ಯೇಕ ಲೆಕ್ಕದೊಡನೆ ತೆರೆಯುವುದು, ಆಡಳಿತ ಮಂಡಳಿಯಲ್ಲಿ ಅವರಿಗೆ ಎರಡು ಸ್ಥಾನ ಕೊಡುವುದು, ಮೂರು ವರ್ಷದ ಅನುಭವ ನೋಡಿ ಮುಂದುವರಿಯುವುದು ಎಂದು ಸೂಚಿಸಲಾಗಿದೆ. ಇದು ಸಾಲದೆಂದು ಹೇಳುವವರೂ ಇದ್ದಾರೆ, ಅತಿಯಾಯಿತೆಂದು ಹೇಳುವವರೂ ಇದ್ದಾರೆ. ಎರಡೂ ಕಡೆಯವರು ಮಹಾಸಭೆಗೆ ಬಂದು ಮಾತಾಡಬೇಕು.

9. ಕೊನೆಯ ಮಾತು

ಸಂಘ ಕಟ್ಟುವಾಗ ನಮ್ಮ ಹಿರಿಯರು ಶ್ರೀಮಂತರಾಗಿರಲಿಲ್ಲ. ತಲಾ ಒಂದು ಷೇರಿನ ಹಣ ಹಾಕಿ, ಒಬ್ಬನಿಂದ ತಾಳಲಾಗದ್ದನ್ನು ನೂರು ಜನ ಸೇರಿ ತಾಳೋಣವೆಂದು ಹೊರಟರು. ಅದರಿಂದ ನಮಗೆ ತೂಕದ ಮುಂದೆ ಬಾಯಿ ಬಂತು. ಅದೇ ಬಾಯಿ ನಮ್ಮ ತೋಟದಲ್ಲಿ ದುಡಿಯುವವರಿಗೂ ಬರಬೇಕೇ ಬೇಡವೇ ಎಂಬುದು ಮಹಾಸಭೆಯ ಮುಂದಿರುವ ಪ್ರಶ್ನೆ.

2001ರ ಆ ಸಂಸಾರ ಈಗ ನಮ್ಮ ಊರಿನಲ್ಲಿಲ್ಲ. ಎಲ್ಲಿದ್ದಾರೆಂದು ವಿಚಾರಿಸಿದೆ, ತಿಳಿಯಲಿಲ್ಲ. ಮುಂಗಡದ ಪುಸ್ತಕದಲ್ಲಿ ಅವರ ಹೆಸರಿನ ಮುಂದೆ ಬಾಕಿ 640 ರೂಪಾಯಿ ಎಂದು ಇನ್ನೂ ಇದೆ. ಕಡಿಮೆ ದರಕ್ಕೆ ಕೊಯ್ದ ಆ ಒಂದು ಸುಗ್ಗಿಯ ವ್ಯತ್ಯಾಸವನ್ನು ಲೆಕ್ಕ ಹಾಕಿದರೆ, ಬಾಕಿ ಇರುವುದು ನಾನು.

ಅಧ್ಯಯನ ಕೂಟದಲ್ಲಿ ಚರ್ಚೆಗೆ ಪ್ರಶ್ನೆಗಳು

1. ಕಳೆದ ಐದು ವರ್ಷಗಳಲ್ಲಿ ನಿಮ್ಮ ಫಸಲಿನ ಎಷ್ಟು ಭಾಗವನ್ನು ಕೊಯ್ಲಿಗೆ ಮೊದಲೇ ಮಾರಿದ್ದೀರಿ? ಪಾಠದಲ್ಲಿ ತೋರಿಸಿದಂತೆ ಅದರ ಬಡ್ಡಿಯನ್ನು ಲೆಕ್ಕ ಹಾಕಿರಿ.

2. ನಿಮ್ಮ ಮನೆಯಲ್ಲಿ ಹಣದ ಮುಗ್ಗಟ್ಟು ಬರುವುದು ಯಾವ ತಿಂಗಳಲ್ಲಿ? ನಿಮ್ಮ ತೋಟದ ಕಾರ್ಮಿಕರ ಮನೆಯಲ್ಲಿ ಯಾವ ತಿಂಗಳಲ್ಲಿ?

3. ಮುಂಗಡ ಕೊಡುವುದರಿಂದ ಕಾರ್ಮಿಕರಿಗೆ ಆಗುವ ಉಪಕಾರವೇನು, ಅಪಕಾರವೇನು? ಉಪಕಾರವನ್ನು ಉಳಿಸಿಕೊಂಡು ಅಪಕಾರವನ್ನು ತಪ್ಪಿಸುವುದು ಹೇಗೆ?

4. ಕಾರ್ಮಿಕರನ್ನು ಸಂಘಕ್ಕೆ ಸೇರಿಸಿಕೊಳ್ಳುವ ಬಗ್ಗೆ ನಿಮ್ಮ ಕೂಟದ ಅಭಿಪ್ರಾಯವೇನು? ಒಪ್ಪುವವರ ಮತ್ತು ಒಪ್ಪದವರ ಕಾರಣಗಳನ್ನು ಬರೆದು ಮಹಾಸಭೆಗೆ ಎಂಟು ದಿನ ಮೊದಲು ಕಾರ್ಯಾಲಯಕ್ಕೆ ತಲುಪಿಸಿರಿ. ಸಾಧ್ಯವಾದರೆ ಲೈನ್ ಮನೆಯವರನ್ನೂ ಕೂಟಕ್ಕೆ ಕರೆದು ಅವರ ಮಾತನ್ನೂ ಬರೆದುಕೊಳ್ಳಿರಿ.

ಕಾರ್ಯದರ್ಶಿ